ಕಡಲಿನಿಂದ ಪಾರಾಗಿ ಬಂದವರ ಕಳಂಕ: ಮಾಲ್ಟಾ ತೀರದ ಪಾಠ

ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯವನ್ನು ತರಗತಿಯಲ್ಲಿ ವ್ಯಾಖ್ಯಾನಿಸುವಾಗಲೆಲ್ಲ ವಿದ್ಯಾರ್ಥಿಗಳ ಗಮನ ಬಿರುಗಾಳಿಯ ಮೇಲೆಯೇ ನೆಲೆಸಿರುವುದನ್ನು ನಾವು ಕಂಡಿದ್ದೇವೆ. ಸಂತ ಲೂಕನ ನಿರೂಪಣೆ ಅಷ್ಟು ಸಜೀವವಾಗಿದೆ. ಹಡಗಿನ ಒಡಲನ್ನು ಹಗ್ಗಗಳಿಂದ ಬಿಗಿದದ್ದು, ಸರಕನ್ನು ಕಡಲಿಗೆ ಎಸೆದದ್ದು, ಹದಿನಾಲ್ಕನೆಯ ಇರುಳಿನಲ್ಲಿ ನೀರಿನ ಆಳವನ್ನು ಅಳೆದದ್ದು, ಕೊನೆಗೆ 276 ಮಂದಿಯೂ ಈಜಿಯೋ ಹಲಗೆಗಳನ್ನು ಹಿಡಿದೋ ದಡ ಸೇರಿದ್ದು, ಇವೆಲ್ಲವೂ ಮನಸ್ಸಿನಲ್ಲಿ ಉಳಿಯುತ್ತವೆ. ಎಲ್ಲರೂ ದಡ ಸೇರಿದರೆಂದ ಮೇಲೆ ಕಥೆ ಮುಗಿಯಿತೆಂದು ಓದುಗನು ನಿಟ್ಟುಸಿರು ಬಿಡುತ್ತಾನೆ. ಆದರೆ ಲೂಕನು ಅಲ್ಲಿಗೆ ನಿಲ್ಲಿಸುವುದಿಲ್ಲ. ಕಡಲಿನ ಅಪಾಯ ಮುಗಿದ ಬಳಿಕ ದಡದ ಅಪಾಯವೊಂದು ಇದೆಯೆಂಬುದನ್ನು ಅವನು 28ನೆಯ ಅಧ್ಯಾಯದ ಮೊದಲ ಆರು ವಚನಗಳಲ್ಲಿ ತೋರಿಸುತ್ತಾನೆ.

ಮಳೆ ಸುರಿಯುತ್ತಿದೆ, ಚಳಿ ಹಿಡಿದಿದೆ. ಮಾಲ್ಟಾ ದ್ವೀಪದ ಜನ ಬೆಂಕಿ ಹೊತ್ತಿಸಿ ಒದ್ದೆಯಾಗಿ ಬಂದವರನ್ನೆಲ್ಲ ಬರಮಾಡಿಕೊಂಡಿದ್ದಾರೆ. ಸಂತ ಪೌಲನು ಒಂದು ಹೊರೆ ಪುಳ್ಳೆಗಳನ್ನು ಒಟ್ಟುಗೂಡಿಸಿ ಬೆಂಕಿಗೆ ಹಾಕುವಾಗ ಹಾವೊಂದು ಅವನ ಕೈಗೆ ಸುತ್ತಿಕೊಳ್ಳುತ್ತದೆ. ಆ ಕ್ಷಣವೇ ಅದೇ ಉಪಕಾರಿ ಜನ ತೀರ್ಪು ನೀಡಿಬಿಡುತ್ತಾರೆ: ಇವನು ಕೊಲೆಗಾರನೇ ಇರಬೇಕು, ಕಡಲಿನಿಂದ ತಪ್ಪಿಸಿಕೊಂಡರೂ ನ್ಯಾಯದೇವತೆ ಇವನನ್ನು ಬದುಕಗೊಡಲಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಹಡಗೊಡೆದು ಬದುಕಿ ಬಂದವನ ಮೇಲೆ ಸಮಾಜವು ಹೊರಿಸುವ ಕಳಂಕದ ಇಷ್ಟು ಸ್ಪಷ್ಟವಾದ ಚಿತ್ರ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಇಲ್ಲ. ಈ ಕಳಂಕದ ಸ್ವರೂಪವೇನು, ಅದು ಏಕೆ ಹುಟ್ಟುತ್ತದೆ, ಅದಕ್ಕೆ ಧರ್ಮಸಭೆಯ ಬೋಧನೆ ಏನು ಹೇಳುತ್ತದೆ, ಗುರುಗಳಾದವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

1. ಕಳಂಕವೆಂದರೆ ಏನು?

ಗ್ರೀಕ್ ಭಾಷೆಯ ‘ಸ್ಟಿಗ್ಮ’ ಎಂಬ ಪದ ಮೂಲತಃ ಗುಲಾಮನ ಅಥವಾ ಅಪರಾಧಿಯ ಚರ್ಮದ ಮೇಲೆ ಚುಚ್ಚಿ ಇಲ್ಲವೆ ಸುಟ್ಟು ಮಾಡುತ್ತಿದ್ದ ಗುರುತನ್ನು ಸೂಚಿಸುತ್ತಿತ್ತು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಇದೇ ಹೆಸರಿನ ಗ್ರಂಥವನ್ನು ಪ್ರಕಟಿಸಿ, ಒಬ್ಬ ವ್ಯಕ್ತಿಯ ಇತರ ಎಲ್ಲ ಗುಣಗಳನ್ನೂ ಮರೆಮಾಡಿ ಅವನನ್ನು ಕೀಳಾಗಿ ಕಾಣುವಂತೆ ಮಾಡುವ ಗುರುತಿಗೆ ಈ ಪದವನ್ನು ಬಳಸಿದರು. ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಇಲ್ಲಿ ಮೂರು ಸಂಗತಿಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಮೊದಲನೆಯದು ಹೊಣೆ. ಒಬ್ಬನು ಮಾಡಿದ ಅಥವಾ ಮಾಡದೆ ಬಿಟ್ಟ ಕಾರ್ಯಕ್ಕೆ ಸಂಬಂಧಿಸಿದ್ದು ಅದು, ಸಾಕ್ಷ್ಯದಿಂದ ನಿರ್ಣಯಿಸಬಹುದಾದದ್ದು. ಎರಡನೆಯದು ಬದುಕುಳಿದವನು ತನ್ನೊಳಗೆ ಅನುಭವಿಸುವ ಅಪರಾಧಭಾವ. ಎರಡನೆಯ ಮಹಾಯುದ್ಧದ ಮಾರಣಶಿಬಿರಗಳಿಂದ ಪಾರಾದವರನ್ನು ಪರೀಕ್ಷಿಸಿದ ಮನೋವೈದ್ಯ ವಿಲಿಯಂ ನೀಡರ್‌ಲ್ಯಾಂಡ್ 1960ರ ದಶಕದಲ್ಲಿ ಇದನ್ನು ವೈದ್ಯಕೀಯ ಭಾಷೆಯಲ್ಲಿ ವಿವರಿಸಿದರು. ಯಾವ ತಪ್ಪನ್ನೂ ಮಾಡದವನು ಸಹ ತಾನು ಬದುಕಿದ್ದೇ ತಪ್ಪೆಂದು ನರಳಬಲ್ಲನು. ಮೂರನೆಯದು ಕಳಂಕ. ಅದು ಹೊರಗಿನಿಂದ ಬರುತ್ತದೆ. ಒಬ್ಬನು ಏನು ಮಾಡಿದನೆಂದು ಅದು ವಿಚಾರಿಸುವುದಿಲ್ಲ. ಅವನು ಬದುಕಿರುವುದನ್ನೇ ಆರೋಪಪತ್ರವನ್ನಾಗಿ ಓದುತ್ತದೆ. ಮಾಲ್ಟಾದ ಜನ ಪೌಲನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ಕಳಂಕಕ್ಕೆ ವಿಚಾರಣೆ ಬೇಕಿಲ್ಲ.

2. ಇತಿಹಾಸದ ಸಾಕ್ಷ್ಯ

ಈ ಮೂರು ಸಂಗತಿಗಳು ಹೇಗೆ ಒಂದರೊಳಗೊಂದು ಬೆರೆತುಹೋಗುತ್ತವೆ ಎಂಬುದನ್ನು ತಿಳಿಯಲು ಕೆಲವು ಪ್ರಸಿದ್ಧ ದುರಂತಗಳನ್ನು ನೋಡೋಣ.

1820ರ ನವೆಂಬರ್ 20ರಂದು ಪೆಸಿಫಿಕ್ ಸಾಗರದಲ್ಲಿ ‘ಎಸೆಕ್ಸ್’ ಎಂಬ ಅಮೆರಿಕದ ತಿಮಿಂಗಿಲಬೇಟೆಯ ಹಡಗಿಗೆ ತಿಮಿಂಗಿಲವೊಂದು ಡಿಕ್ಕಿ ಹೊಡೆದು ಅದನ್ನು ಮುಳುಗಿಸಿತು. 20 ಮಂದಿ ನಾವಿಕರು ಮೂರು ಸಣ್ಣ ದೋಣಿಗಳಲ್ಲಿ ಹೊರಟರು. ಕೊನೆಗೆ ಬದುಕಿದವರು 8 ಮಂದಿ. ಹಸಿವು ಮಿತಿಮೀರಿದಾಗ ಅವರು ಸತ್ತವರ ಮಾಂಸವನ್ನು ತಿಂದರು. ನಾಯಕ ಜಾರ್ಜ್ ಪೊಲಾರ್ಡ್‌ನ ದೋಣಿಯಲ್ಲಿ ಚೀಟಿ ಎತ್ತಿದಾಗ ಅದು ಅವನ ಬಂಧುವಾದ ತರುಣನೊಬ್ಬನ ಪಾಲಿಗೆ ಬಂದಿತು. ಊರಿಗೆ ಮರಳಿದ ಪೊಲಾರ್ಡ್‌ಗೆ ಮತ್ತೊಂದು ಹಡಗಿನ ನಾಯಕತ್ವ ದೊರೆಯಿತೆಂಬುದು ನಿಜ. ಆದರೆ 1823ರಲ್ಲಿ ಅದೂ ಹವಾಯಿ ದ್ವೀಪಗಳ ಬಳಿ ದಿಬ್ಬಕ್ಕೆ ಬಡಿದು ಒಡೆಯಿತು. ಆ ಬಳಿಕ ಯಾವ ಹಡಗಿನ ಒಡೆಯನೂ ಅವನನ್ನು ನಂಬಲಿಲ್ಲ. ಉಳಿದ ಬಾಳನ್ನು ಅವನು ನಾನ್‌ಟಕೆಟ್ ಪಟ್ಟಣದಲ್ಲಿ ರಾತ್ರಿ ಕಾವಲುಗಾರನಾಗಿ ಕಳೆದನು. ಇಂಗ್ಲಿಷ್ ನಾವಿಕರ ಮಾತಿನಲ್ಲಿ ಇಂಥವರಿಗೆ ಒಂದು ಹೆಸರಿದೆ: ‘ಯೋನ’. ಹಡಗಿಗೆ ಕೇಡು ತರುವವನು ಎಂದು ಅರ್ಥ. ಪ್ರವಾದಿಯೊಬ್ಬನ ಹೆಸರು ಬೈಗುಳವಾಗಿ ಬಿಟ್ಟಿದೆ. ನಮ್ಮ ಜನರು ‘ಅವನ ಕಾಲ್ಗುಣ ಸರಿಯಿಲ್ಲ’ ಎನ್ನುವಾಗ ಹೇಳುವುದೂ ಇದನ್ನೇ.

1912ರ ಏಪ್ರಿಲ್ 15ರ ಮುಂಜಾವದಲ್ಲಿ ಮುಳುಗಿದ ‘ಟೈಟಾನಿಕ್’ ಹಡಗಿನಲ್ಲಿ ಸುಮಾರು 2,200 ಮಂದಿ ಇದ್ದರು. ಜೀವರಕ್ಷಕ ದೋಣಿಗಳಲ್ಲಿದ್ದ ಸ್ಥಳ 1,178 ಮಂದಿಗೆ ಮಾತ್ರ. ಅವುಗಳಲ್ಲೂ ಎಷ್ಟೋ ದೋಣಿಗಳು ಭರ್ತಿಯಾಗದೆ ಇಳಿದವು. ಸುಮಾರು 1,500 ಮಂದಿ ಮಡಿದರು. ‘ಹೆಂಗಸರು ಮಕ್ಕಳು ಮೊದಲು’ ಎಂಬುದು ಆ ಕಾಲದ ಕಾನೂನಾಗಿರಲಿಲ್ಲ. ಅದು ಗೌರವದ ಸಂಪ್ರದಾಯವಾಗಿತ್ತು. ಆದ್ದರಿಂದ ಬದುಕಿಬಂದ ಪ್ರತಿಯೊಬ್ಬ ಗಂಡಸೂ ತಾನು ಹೇಗೆ ಬದುಕಿದೆನೆಂಬುದಕ್ಕೆ ವಿವರಣೆ ಕೊಡಬೇಕಾಯಿತು.

ಹಡಗಿನ ಕಂಪನಿಯ ಅಧ್ಯಕ್ಷ ಬ್ರೂಸ್ ಇಸ್ಮೇ ಕೊನೆಯ ದೋಣಿಗಳಲ್ಲೊಂದನ್ನು ಹತ್ತಿ ಪಾರಾದನು. ಅಮೆರಿಕದ ಪತ್ರಿಕೆಗಳು ಅವನನ್ನು ಹೇಡಿಯೆಂದು ಸಾರಿದವು. ಲಾರ್ಡ್ ಮರ್ಸಿಯ ಅಧ್ಯಕ್ಷತೆಯ ಬ್ರಿಟಿಷ್ ವಿಚಾರಣೆಯು, ಅವನು ದೋಣಿಗೆ ಇಳಿಯದೇ ಇದ್ದಿದ್ದರೆ ಸತ್ತವರ ಸಂಖ್ಯೆಗೆ ಇನ್ನೊಂದು ಸೇರುತ್ತಿತ್ತೇ ಹೊರತು ಬೇರೇನೂ ಆಗುತ್ತಿರಲಿಲ್ಲವೆಂದು ಅಭಿಪ್ರಾಯಪಟ್ಟಿತು. ಆದರೂ 1937ರಲ್ಲಿ ಸಾಯುವವರೆಗೆ, ಸತ್ತ ಮೇಲೂ, ಆ ಹೆಸರು ಅವನನ್ನು ಬಿಡಲಿಲ್ಲ. ಇಸ್ಮೇಯ ವಿಷಯದಲ್ಲಿ ಹೊಣೆಯ ಪ್ರಶ್ನೆ ನಿಜವಾಗಿಯೂ ಇತ್ತು: ಸಾಕಷ್ಟು ದೋಣಿಗಳಿಲ್ಲದ ಹಡಗನ್ನು ಕಡಲಿಗೆ ಇಳಿಸಿದ್ದಕ್ಕೆ ಕಂಪನಿ ಉತ್ತರಿಸಬೇಕಿತ್ತು. ಆದರೆ ಜನರ ಕೋಪ ಅವನ ಆಡಳಿತದ ಮೇಲೆ ನಿಲ್ಲದೆ ಅವನ ಉಸಿರಾಟದ ಮೇಲೆಯೇ ಬಿದ್ದಿತು.

ಅದೇ ಹಡಗಿನಲ್ಲಿ ಮಸಾಬುಮಿ ಹೊಸೊನೊ ಎಂಬ ಜಪಾನಿ ಸರ್ಕಾರಿ ಅಧಿಕಾರಿ ಇದ್ದನು. ಗೌರವದಿಂದ ಸಾಯಲು ಮನಸ್ಸನ್ನು ಸಿದ್ಧಮಾಡಿಕೊಂಡಿದ್ದ ಅವನು, ದೋಣಿಯೊಂದರಲ್ಲಿ ಇನ್ನೂ ಸ್ಥಳವಿದೆಯೆಂಬ ಕೂಗು ಕೇಳಿ ಇಳಿದನೆಂದು ಹೆಂಡತಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾನೆ. ಊರಿಗೆ ಮರಳಿದ ಬಳಿಕ ಅವನು ಕೆಲಸ ಕಳೆದುಕೊಂಡನು. ಮುಂದೆ ಮತ್ತೆ ಸೇರಿಸಿಕೊಳ್ಳಲಾಯಿತಾದರೂ ಅವಮಾನ ಉಳಿಯಿತು. ಅವನು 1939ರಲ್ಲಿ ತೀರಿಕೊಂಡನು. ಆ ಪತ್ರ 1990ರ ದಶಕದಲ್ಲಿ ವ್ಯಾಪಕವಾಗಿ ಬೆಳಕಿಗೆ ಬಂದಾಗಲೇ ಅವನ ಮನೆಯವರಿಗೆ ತಲೆಯೆತ್ತಿ ಮಾತನಾಡುವ ಅವಕಾಶ ದೊರೆತದ್ದು.

ಮೂರನೆಯ ದರ್ಜೆಯಲ್ಲಿ ಪಯಣಿಸುತ್ತಿದ್ದ ಎಂಟು ಮಂದಿ ಚೀನೀ ನಾವಿಕರಲ್ಲಿ ಆರು ಮಂದಿ ಬದುಕಿದರು. ಅವರು ಹೆಂಗಸರಂತೆ ವೇಷ ಹಾಕಿ ದೋಣಿಗಳಲ್ಲಿ ಅಡಗಿದ್ದರೆಂಬ ಆಧಾರವಿಲ್ಲದ ಮಾತುಗಳು ಪತ್ರಿಕೆಗಳಲ್ಲಿ ಹರಡಿದವು. 1882ರ ಚೀನೀಯರ ಬಹಿಷ್ಕಾರ ಕಾಯಿದೆಯಂತೆ ನ್ಯೂಯಾರ್ಕಿನಲ್ಲಿ ನೆಲೆಸಲು ಅವರಿಗೆ ಅವಕಾಶವಿರಲಿಲ್ಲ. ರಕ್ಷಣೆಯ ಹಡಗು ಬಂದರು ಸೇರಿದ ಮರುದಿನವೇ ಅವರನ್ನು ಬೇರೊಂದು ಹಡಗಿನಲ್ಲಿ ಸಾಗಹಾಕಲಾಯಿತು. ಮೊದಲೇ ಬಡವನೂ ಪರಕೀಯನೂ ಆದವನ ಮೇಲೆ ಕಳಂಕ ಎಷ್ಟು ಬೇಗ ಅಂಟಿಕೊಳ್ಳುತ್ತದೆ ಎಂಬುದಕ್ಕೆ ಇದು ನಿದರ್ಶನ. ಪೌಲನೂ ಮಾಲ್ಟಾ ತೀರಕ್ಕೆ ಬಂದದ್ದು ಕಾವಲಿನಲ್ಲಿದ್ದ ಕೈದಿಯಾಗಿಯೇ ಎಂಬುದು ಇಲ್ಲಿ ನೆನಪಾಗುತ್ತದೆ.

ನಮ್ಮ ಕಾಲಕ್ಕೆ ಬರೋಣ. 2014ರ ಏಪ್ರಿಲ್ 16ರಂದು ದಕ್ಷಿಣ ಕೊರಿಯದ ‘ಸೆವೊಲ್’ ಎಂಬ ಪ್ರಯಾಣಿಕ ಹಡಗು ಮುಳುಗಿತು. ಹಡಗಿನಲ್ಲಿದ್ದ 476 ಮಂದಿಯಲ್ಲಿ 304 ಮಂದಿ ಮಡಿದರು. ಅವರಲ್ಲಿ 250 ಮಂದಿ ಒಂದೇ ಪ್ರೌಢಶಾಲೆಯಿಂದ ಪ್ರವಾಸಕ್ಕೆ ಹೊರಟಿದ್ದ ವಿದ್ಯಾರ್ಥಿಗಳು. ಪ್ರಯಾಣಿಕರು ತಾವಿದ್ದಲ್ಲೇ ಇರಬೇಕೆಂಬ ಸೂಚನೆ ಧ್ವನಿವರ್ಧಕದಲ್ಲಿ ಬರುತ್ತಿದ್ದಾಗ ಹಡಗಿನ ನಾಯಕನು ಮೊದಲು ಪಾರಾದವರಲ್ಲಿ ಒಬ್ಬನಾದನು. ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ಪ್ರವಾಸವನ್ನು ಮುನ್ನಡೆಸಿದ್ದ ಆ ಶಾಲೆಯ ಉಪಪ್ರಾಂಶುಪಾಲರೂ ಪಾರಾಗಿದ್ದರು. ತಾನೊಬ್ಬನೇ ಬದುಕುವುದು ಅಸಹನೀಯವೆಂದೂ ಎಲ್ಲ ಹೊಣೆಯೂ ತನ್ನದೆಂದೂ ಬರೆದಿಟ್ಟು ಎರಡು ದಿನಗಳ ಬಳಿಕ ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ನಾಯಕನ ಮೇಲಿದ್ದುದು ಹೊಣೆ. ಉಪಪ್ರಾಂಶುಪಾಲರನ್ನು ನುಂಗಿದ್ದು ಅಪರಾಧಭಾವ. ಬದುಕುಳಿದ ವಿದ್ಯಾರ್ಥಿಗಳಿಗೆ ಕಾಲೇಜು ಪ್ರವೇಶದಲ್ಲಿ ವಿಶೇಷ ಅವಕಾಶ ನೀಡಿದಾಗ, ಸ್ನೇಹಿತರ ಸಾವಿನಿಂದ ಲಾಭ ಪಡೆದವರೆಂಬಂತೆ ಅವರನ್ನು ಆಡಿಕೊಂಡದ್ದು ಕಳಂಕ. ಒಂದೇ ದುರಂತದಲ್ಲಿ ಮೂರೂ ಕಾಣಸಿಗುತ್ತವೆ.

3. ಜನರು ಏಕೆ ಹೀಗೆ ಮಾಡುತ್ತಾರೆ?

ಮಾಲ್ಟಾದ ಜನ ಕ್ರೂರಿಗಳಾಗಿರಲಿಲ್ಲ. ಅವರ ಉಪಚಾರವನ್ನು ವರ್ಣಿಸಲು ಲೂಕನು ‘ಫಿಲಾನ್ತ್ರೊಪಿಯ’, ಅಂದರೆ ಮನುಷ್ಯಪ್ರೀತಿ, ಎಂಬ ಉದಾತ್ತ ಪದವನ್ನೇ ಬಳಸುತ್ತಾನೆ. ಕರುಣೆಯುಳ್ಳ ಜನರೇ ಕಳಂಕವನ್ನೂ ಹಚ್ಚಿದರು. ಹೀಗೇಕೆ?

ಒಂದು ಕಾರಣ, ಜಗತ್ತು ನ್ಯಾಯಬದ್ಧವಾಗಿದೆ ಎಂಬ ನಂಬಿಕೆಯನ್ನು ಕಾಪಾಡಿಕೊಳ್ಳುವ ಬಯಕೆ. ಮನಶ್ಶಾಸ್ತ್ರಜ್ಞ ಮೆಲ್ವಿನ್ ಲರ್ನರ್ ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. ಕೇಡು ಕೆಟ್ಟವರಿಗೇ ಬರುತ್ತದೆಂದಾದರೆ ನಾವು ಸುರಕ್ಷಿತರು. ಪುರಾತನ ಗ್ರೀಕರಲ್ಲಿ ಈ ನಂಬಿಕೆ ಎಷ್ಟು ಆಳವಾಗಿತ್ತೆಂದರೆ, ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಅಥೆನ್ಸಿನ ಅಂತಿಫೋನನು ಬರೆದುಕೊಟ್ಟ ನ್ಯಾಯಾಲಯದ ಭಾಷಣವೊಂದರಲ್ಲಿ ಕೊಲೆಯ ಆರೋಪಿಯು, ತಾನು ಪಯಣಿಸಿದ ಹಡಗುಗಳೆಲ್ಲ ಕ್ಷೇಮವಾಗಿ ದಡ ಸೇರಿದ್ದನ್ನೇ ತನ್ನ ನಿರಪರಾಧಕ್ಕೆ ಸಾಕ್ಷಿಯಾಗಿ ಮುಂದಿಡುತ್ತಾನೆ. ಯೋಬನ ಗೆಳೆಯರು ವಾದಿಸಿದ್ದೂ ಇದೇ ತರ್ಕದ ಮೇಲೆ.

ಎರಡನೆಯ ಕಾರಣ ದುಃಖ. ಸತ್ತವನನ್ನು ಪ್ರಶ್ನಿಸಲಾಗದು, ಕಡಲನ್ನು ಪ್ರಶ್ನಿಸಲಾಗದು. ಎದುರಿಗೆ ಸಿಗುವವನು ಬದುಕಿ ಬಂದವನೊಬ್ಬನೇ. ಮಗನನ್ನು ಕಳೆದುಕೊಂಡ ತಾಯಿಗೆ ಅವನ ಮುಖ ಕಾಣುವುದೇ ನೋವು. ಅವಳ ನೋಟದಲ್ಲಿ ದ್ವೇಷವಿಲ್ಲದಿದ್ದರೂ ಅವನು ಅಲ್ಲಿ ದ್ವೇಷವನ್ನೇ ಓದುತ್ತಾನೆ.

ಮೂರನೆಯ ಕಾರಣ ಭೂದುರಂತಗಳಿಗೂ ಕಡಲಿನ ದುರಂತಗಳಿಗೂ ಇರುವ ವ್ಯತ್ಯಾಸ. ಕಡಲು ಯಾವ ಗುರುತನ್ನೂ ಉಳಿಸುವುದಿಲ್ಲ. ಎಷ್ಟೋ ಸಲ ಶವವೂ ದೊರೆಯುವುದಿಲ್ಲ. ನಡೆದದ್ದನ್ನು ಹೇಳಬಲ್ಲವನು ಬದುಕಿದವನು ಮಾತ್ರ. ಅವನ ಮಾತನ್ನು ತಾಳೆ ನೋಡಲು ಬೇರೆ ಸಾಕ್ಷಿಯಿಲ್ಲ. ಹೀಗಾಗಿ ಅವನ ಮೇಲಿನ ಸಂದೇಹವನ್ನು ಅಲ್ಲಗಳೆಯುವ ದಾರಿಯೇ ಅವನಿಗಿರುವುದಿಲ್ಲ.

4. ದೈವಶಾಸ್ತ್ರದ ವಿವೇಚನೆ

ಮೊದಲು ಯೋನನ ವಿಷಯ. ಯೋನನ ಗ್ರಂಥದಲ್ಲಿ ಚೀಟಿ ಬಿದ್ದದ್ದು ನಿಜವಾಗಿಯೂ ತಪ್ಪಿತಸ್ಥನ ಮೇಲೆಯೇ ಅಲ್ಲವೇ, ಹಾಗಾದರೆ ನಾವಿಕರ ನಂಬಿಕೆಗೆ ಪವಿತ್ರಗ್ರಂಥದ ಆಧಾರವಿದೆಯಲ್ಲವೇ ಎಂದು ಕೇಳಬಹುದು. ಗ್ರಂಥವನ್ನು ಕೊನೆಯವರೆಗೆ ಓದಿದರೆ ಉತ್ತರ ದೊರೆಯುತ್ತದೆ. ಚೀಟಿ ಬಿದ್ದ ಬಳಿಕವೂ ಆ ಅನ್ಯಜನಾಂಗದ ನಾವಿಕರು ತೀರ್ಪು ಕೊಡುವುದಿಲ್ಲ. ಅವನನ್ನೇ ವಿಚಾರಿಸುತ್ತಾರೆ (1:8). ಅವನು ತಪ್ಪೊಪ್ಪಿಕೊಂಡು ತನ್ನನ್ನು ಎಸೆಯಿರಿ ಎಂದ ಮೇಲೂ ಹುಟ್ಟುಹಾಕಿ ದಡ ಸೇರಿಸಲು ಹೆಣಗುತ್ತಾರೆ (1:13). ನಿರಪರಾಧಿಯ ರಕ್ತದ ಹೊಣೆ ತಮ್ಮ ಮೇಲೆ ಬಾರದಿರಲೆಂದು ಪ್ರಾರ್ಥಿಸುತ್ತಾರೆ (1:14). ಇನ್ನು ದೇವರಾದರೋ ಕಡಲಿನಿಂದ ಮರಳಿದ ಯೋನನನ್ನು ಒಂದು ಮಾತಿನಿಂದಲೂ ಹಂಗಿಸದೆ ಅದೇ ಕಾರ್ಯವನ್ನು ಅವನಿಗೆ ಎರಡನೆಯ ಸಲ ಒಪ್ಪಿಸುತ್ತಾರೆ (3:1-2). ಸಮಾಜ ಪೊಲಾರ್ಡ್‌ನ ಕೈಯಿಂದ ಅವನ ಕಸುಬನ್ನು ಕಿತ್ತುಕೊಂಡಿತು. ದೇವರು ಯೋನನಿಗೆ ಅವನ ಸೇವೆಯನ್ನು ಹಿಂದಿರುಗಿಸಿದರು. ಈ ಹೆಸರನ್ನು ಬೈಗುಳವಾಗಿ ಬಳಸುವವರು ಗ್ರಂಥದ ಮೊದಲ ಅಧ್ಯಾಯವನ್ನು ದಾಟಿಲ್ಲ. ಯೇಸುಸ್ವಾಮಿಯಂತೂ ತಮ್ಮ ಮರಣ ಪುನರುತ್ಥಾನಗಳಿಗೆ ಯೋನನನ್ನೇ ಗುರುತಾಗಿ ಆರಿಸಿಕೊಂಡರು (ಮತ್ತಾಯ 12:40).

ಎರಡನೆಯದು ಕೇಡಿಗೂ ಪಾಪಕ್ಕೂ ಇರುವ ಸಂಬಂಧ. ಸಿಲೊವಾಮಿನ ಗೋಪುರ ಕುಸಿದು ಸತ್ತ 18 ಮಂದಿ ಇತರರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೆಂಬ ಊಹೆಯನ್ನು ಯೇಸು ತಳ್ಳಿಹಾಕುತ್ತಾರೆ (ಲೂಕ 13:4-5). ಸತ್ತವರ ಕುರಿತು ಹೇಳಿದ ಈ ಮಾತು ಬದುಕಿದವರಿಗೂ ಅನ್ವಯಿಸುತ್ತದೆ. ಸತ್ತದ್ದು ಪಾಪಕ್ಕೆ ಸಾಕ್ಷಿಯಲ್ಲವೆಂದಾದರೆ ಬದುಕಿದ್ದು ಪುಣ್ಯಕ್ಕೂ ಸಾಕ್ಷಿಯಲ್ಲ, ದ್ರೋಹಕ್ಕೂ ಸಾಕ್ಷಿಯಲ್ಲ. ಹಡಗು ಒಡೆದದ್ದೇಕೆ ಎಂಬುದಕ್ಕೆ ಲೂಕನು ಕೊಡುವ ವಿವರಣೆಯನ್ನೂ ಗಮನಿಸಬೇಕು. ಪಯಣಕ್ಕೆ ತಕ್ಕ ಕಾಲ ಮೀರಿತ್ತು, ಪೌಲನು ಎಚ್ಚರಿಸಿದನು, ಶತಾಧಿಪತಿ ಹಡಗಿನ ನಾಯಕ ಮತ್ತು ಒಡೆಯರ ಮಾತಿಗೆ ಹೆಚ್ಚು ಬೆಲೆ ಕೊಟ್ಟನು (27:9-11). ಕಾರಣ ಇರುವುದು ಬಂದರಿನಲ್ಲಿ ಕೈಗೊಂಡ ನಿರ್ಧಾರದಲ್ಲಿ, ದಡದಲ್ಲಿ ನಡುಗುತ್ತ ನಿಂತವನ ರಹಸ್ಯ ಪಾಪದಲ್ಲಿ ಅಲ್ಲ. ಕಳಂಕದ ಒಂದು ದೊಡ್ಡ ಕೇಡು ಇದೇ: ಅದು ನಿಜವಾದ ಹೊಣೆಗಾರರಿಂದ ನಮ್ಮ ದೃಷ್ಟಿಯನ್ನು ಬೇರೆಡೆಗೆ ಸೆಳೆಯುತ್ತದೆ.

ಮೂರನೆಯದು ಬದುಕುವುದು ತಪ್ಪೇ ಎಂಬ ನೈತಿಕ ಪ್ರಶ್ನೆ. ಟೈಟಾನಿಕ್‌ನಲ್ಲಿದ್ದ ಇಂಗ್ಲೆಂಡಿನ ಕಥೋಲಿಕ ಗುರು ಥಾಮಸ್ ಬೈಲ್ಸ್ ತಮಗೆ ದೊರೆತ ದೋಣಿಯ ಅವಕಾಶವನ್ನು ನಿರಾಕರಿಸಿ, ಉಳಿದವರ ಪಾಪನಿವೇದನೆ ಆಲಿಸುತ್ತ, ಅವರೊಡನೆ ಪ್ರಾರ್ಥಿಸುತ್ತ ಪ್ರಾಣಬಿಟ್ಟರು. ಅದು ಯೊವಾನ್ನ 15:13ರ ಪ್ರೀತಿ. ಆದರೆ ಅಂಥ ತ್ಯಾಗವು ವರ. ಅದನ್ನು ಸಾಲದಂತೆ ಎಲ್ಲರಿಂದಲೂ ವಸೂಲು ಮಾಡಲಾಗದು. ತನ್ನ ಪ್ರಾಣವನ್ನು ಕಾಪಾಡಿಕೊಳ್ಳುವುದರಲ್ಲಿ ಮನುಷ್ಯನು ಇತರರ ಪ್ರಾಣಕ್ಕಿಂತ ಹೆಚ್ಚಿನ ಕಾಳಜಿ ವಹಿಸಲು ಬದ್ಧನೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸುತ್ತಾರೆ. ಇದಕ್ಕೆ ಮಿತಿಯೂ ಉಂಟು. ಹಡಗೊಡೆದಾಗ ಇನ್ನೊಬ್ಬನ ಹಲಗೆಯನ್ನು ಕಿತ್ತುಕೊಳ್ಳಬಹುದೇ ಎಂಬ ಹಳೆಯ ಪ್ರಶ್ನೆಗೆ ಸಂತ ಅಂಬ್ರೋಸರು, ಇನ್ನೊಬ್ಬನ ಸಾವಿನಿಂದ ತನ್ನ ಪ್ರಾಣವನ್ನು ಉಳಿಸಿಕೊಳ್ಳುವುದು ಕ್ರೈಸ್ತನಿಗೆ ತಕ್ಕುದಲ್ಲವೆಂದು ಉತ್ತರಿಸಿದರು. ಇನ್ನೊಬ್ಬನ ಹಲಗೆಯನ್ನು ಕಸಿಯುವುದು ಬೇರೆ, ತನ್ನ ಕೈಗೆ ಸಿಕ್ಕ ಹಲಗೆಯನ್ನು ಬಿಡದಿರುವುದು ಬೇರೆ. ಅಲ್ಲದೆ ನಾಯಕನಂತೆ ಇತರರ ರಕ್ಷಣೆಯ ಹೊಣೆಯನ್ನು ಸ್ಥಾನದ ಬಲದಿಂದ ಹೊತ್ತವನ ಕರ್ತವ್ಯ ಪ್ರಯಾಣಿಕನ ಕರ್ತವ್ಯಕ್ಕಿಂತ ದೊಡ್ಡದು. ಈ ಭೇದಗಳನ್ನು ಗಮನಿಸದೆ ‘ಅವನೇಕೆ ಸಾಯಲಿಲ್ಲ?’ ಎಂದು ಕೇಳುವುದು ನೀತಿಯ ಪ್ರಶ್ನೆಯಲ್ಲ.

ಧರ್ಮಸಭೆ ಈ ಪ್ರಶ್ನೆಯನ್ನು ಹಿಂದೆಯೂ ಎದುರಿಸಿದೆ. 410ರಲ್ಲಿ ರೋಮ್ ನಗರ ಸೂರೆಯಾದಾಗ ಬಲಾತ್ಕಾರಕ್ಕೆ ಒಳಗಾಗಿ ಬದುಕುಳಿದ ಸ್ತ್ರೀಯರನ್ನು, ಮಾನವುಳ್ಳವರಾಗಿದ್ದರೆ ಸಾಯಬೇಕಿತ್ತು ಎಂದು ಹಂಗಿಸಲಾಯಿತು. ಸಂತ ಅಗಸ್ಟೀನರು ‘ದೇವನಗರ’ ಗ್ರಂಥದ ಮೊದಲನೆಯ ಭಾಗದಲ್ಲಿ ಆ ಸ್ತ್ರೀಯರ ಪರವಾಗಿ ನಿಂತು, ಪರರ ಬಲಾತ್ಕಾರದಿಂದ ಅವರ ಪಾವಿತ್ರ್ಯಕ್ಕೆ ಕುಂದು ಬರಲಿಲ್ಲವೆಂದೂ ಬದುಕಿ ಉಳಿದದ್ದಕ್ಕೆ ಅವರು ಯಾರಿಗೂ ಉತ್ತರ ಕೊಡಬೇಕಿಲ್ಲವೆಂದೂ ವಾದಿಸಿದರು.

ನಾಲ್ಕನೆಯದು ತೀರ್ಪಿನ ನೀತಿ. ಸಂದೇಹದ ಆಧಾರದಿಂದ ತೀರ್ಪು ಕೊಡುವುದು ಅನ್ಯಾಯವೆಂದೂ ಸಂಶಯವಿರುವಾಗ ಒಳ್ಳೆಯ ಅರ್ಥವನ್ನೇ ಗ್ರಹಿಸಬೇಕೆಂದೂ ಅಕ್ವಿನಾಸರು ನ್ಯಾಯದ ವಿವೇಚನೆಯಲ್ಲಿ ತೋರಿಸಿದ್ದಾರೆ. ಕಥೋಲಿಕ ಧರ್ಮೋಪದೇಶವು 2477 ಮತ್ತು 2478ನೆಯ ಪರಿಚ್ಛೇದಗಳಲ್ಲಿ ದುಡುಕಿನ ತೀರ್ಪನ್ನು ಎಂಟನೆಯ ಆಜ್ಞೆಯ ಉಲ್ಲಂಘನೆಗಳ ಸಾಲಿನಲ್ಲಿ ಇರಿಸುತ್ತದೆ. ಬದುಕಿ ಬಂದವನ ಕುರಿತು ಬಂದರಿನಲ್ಲಿ ಆಡುವ ಮಾತು ನಿರುಪದ್ರವಿ ಹರಟೆಯಲ್ಲ. ಅದು ಪಾಪನಿವೇದನೆಗೆ ತರಬೇಕಾದ ಪಾಪ. ಇದನ್ನು ನಮ್ಮ ಪ್ರಬೋಧನೆಗಳಲ್ಲಿ ನಾವು ಎಷ್ಟು ಸಲ ಹೇಳಿದ್ದೇವೆ?

5. ಎರಡನೆಯ ತಪ್ಪು, ಮತ್ತು ನಮ್ಮ ತಪ್ಪು

ಮಾಲ್ಟಾದ ಜನ ಎರಡು ತಪ್ಪುಗಳನ್ನು ಮಾಡಿದರು. ಪೌಲನು ಹಾವಿನ ವಿಷದಿಂದ ಸಾಯದೆ ಉಳಿದಾಗ ಅವರು ಮನಸ್ಸನ್ನು ಬದಲಿಸಿ, ಇವನೊಬ್ಬ ದೇವನೆಂದರು. ಕೊಲೆಗಾರನೆಂದವರೇ ದೇವನೆಂದರು. ಎರಡರಲ್ಲಿಯೂ ಒಂದೇ ತರ್ಕವಿದೆ: ಬದುಕಿದವನು ಸಾಮಾನ್ಯ ಮನುಷ್ಯನಾಗಿರಲಾರನು. ಮೊದಲ ತಪ್ಪು ಸಾಮಾನ್ಯವಾಗಿ ಬಂದರಿನಲ್ಲಿ ನಡೆಯುತ್ತದೆ; ಎರಡನೆಯದು ದೇವಾಲಯದಲ್ಲಿ. ಇದನ್ನು ನಾವು ಸ್ವಂತ ಅನುಭವದಿಂದ ಹೇಳುತ್ತಿದ್ದೇವೆ.

ಗುರುದೀಕ್ಷೆ ಪಡೆದ ಆರಂಭದ ವರ್ಷಗಳಲ್ಲಿ ನಾವು ಕರಾವಳಿಯ ಧರ್ಮಕೇಂದ್ರವೊಂದರಲ್ಲಿ ಸಹಾಯಕ ಗುರುಗಳಾಗಿದ್ದೆವು. ಮೀನುಗಾರಿಕೆಗೆ ಹೋದ ದೋಣಿಯೊಂದು ಮಗುಚಿ, ಮೂವರು ಯುವಕರಲ್ಲಿ ಒಬ್ಬನು ಮಾತ್ರ ದಡ ಸೇರಿದನು. ಕೆಲವು ವಾರಗಳ ಬಳಿಕ ಅವನ ಮನೆಯವರ ಕೋರಿಕೆಯಂತೆ ಕೃತಜ್ಞತೆಯ ಬಲಿಪೂಜೆ ಅರ್ಪಿಸಿದೆವು. ಪ್ರಬೋಧನೆಯಲ್ಲಿ ನಾವು, ಅವನ ತಾಯಿಯ ಪ್ರಾರ್ಥನೆಯನ್ನು ಆಲಿಸಿ ದೇವರು ಅವನನ್ನು ಉಳಿಸಿದರೆಂದೂ ಅವನ ಬಾಳಿಗೆ ದೇವರು ದೊಡ್ಡದೊಂದು ಯೋಜನೆ ಇಟ್ಟಿದ್ದಾರೆಂದೂ ಉತ್ಸಾಹದಿಂದ ಹೇಳಿದೆವು. ಪೂಜೆ ಮುಗಿದ ಮೇಲೆ ಸತ್ತ ಯುವಕರಲ್ಲೊಬ್ಬನ ತಾಯಿ ಸಕ್ರಿಸ್ತಿಯ ಬಾಗಿಲಿಗೆ ಬಂದು, “ಫಾದರ್, ನಾನು ಹೇಳಿದ ಜಪಮಾಲೆ ಸಾಲದೇ ಹೋಯಿತೇ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಯುವಕನ ಪಾಡೂ ಬೇರೆಯಾಗಿರಲಿಲ್ಲ. ದೋಣಿಯವರು ಅವನನ್ನು ಕೆಲಸಕ್ಕೆ ಕರೆಯಲು ಹಿಂಜರಿದರು. ಅವನು ಪೂಜೆಗೆ ಬರುವುದನ್ನೂ ಬಿಟ್ಟನು. ಒಂದು ವರ್ಷದೊಳಗೆ ಘಟ್ಟದ ಮೇಲಿನ ಊರಿಗೆ ಕೆಲಸ ಹುಡುಕಿಕೊಂಡು ಹೋದನು. ಬಹುಕಾಲದ ನಂತರ ಭೇಟಿಯಾದಾಗ ಅವನು, “ಎಲ್ಲರೂ ನಾನು ಹೇಗೆ ಬದುಕಿದೆ ಅಂತ ಕೇಳುತ್ತಿದ್ದರು. ನೀವು ದೇವರು ಉಳಿಸಿದರು ಅಂದಿರಿ. ಹಾಗಾದರೆ ಅವರಿಬ್ಬರನ್ನು ಬಿಟ್ಟದ್ದು ಯಾರು ಫಾದರ್? ಆ ದಿನದಿಂದ ಅವರ ಮನೆಯ ಮುಂದೆ ಹಾದುಹೋಗುವುದಕ್ಕೂ ನನಗೆ ಆಗಲಿಲ್ಲ” ಎಂದನು. ಅವನನ್ನು ಊರು ಬಿಡಿಸಿದ್ದರಲ್ಲಿ ಬಂದರಿನ ಮಾತಿಗೆ ಎಷ್ಟು ಪಾಲಿತ್ತೋ ನಮ್ಮ ಪ್ರಬೋಧನೆಗೂ ಅಷ್ಟೇ ಪಾಲಿತ್ತು.

ದೇವರಿಗೆ ಕೃತಜ್ಞತೆ ಸಲ್ಲಿಸಬಾರದೆಂದು ಇದರ ಅರ್ಥವಲ್ಲ. ಕಡಲಿನಿಂದ ಪಾರಾದವರ ಕೃತಜ್ಞತೆಗೆ 107ನೆಯ ಕೀರ್ತನೆಯಲ್ಲಿಯೇ ಸ್ಥಾನವಿದೆ. ಬದುಕಿದವನು ತನ್ನ ಬಾಯಿಂದ ಸಲ್ಲಿಸುವ ಕೃತಜ್ಞತೆ ಪ್ರಾರ್ಥನೆ. ಅದನ್ನು ನಾವು ಇತರರ ಸಾವಿಗೆ ಹೋಲಿಸಿ ವಿವರಣೆಯಾಗಿ ಮಾಡಿದರೆ ಅದು ದೇವರ ಮೇಲಿನ ಆರೋಪವಾಗುತ್ತದೆ.

6. ಪಾಲನಾಸೇವೆಗೆ ಕೆಲವು ಸೂಚನೆಗಳು

ನಮ್ಮ ಕರಾವಳಿಗೆ ಈ ವಿಷಯ ದೂರದ್ದಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟಿನ ಏಳು ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ ಹಲವರು ಮಡಿದರು, ಕೆಲವರು ಬದುಕಿದರು. ಮರಳದವರನ್ನು ನಾವು ಪ್ರಾರ್ಥನೆಯಲ್ಲಿ ನೆನೆಯುತ್ತೇವೆ. ಮರಳಿದವರನ್ನು ನೆನೆಯುವುದು ಅಪರೂಪ. ಕರಾವಳಿಯ ಧರ್ಮಕೇಂದ್ರಗಳಿಗೆ ಹೋಗಲಿರುವ ವಿದ್ಯಾರ್ಥಿಗಳಿಗಾಗಿ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಮೊದಲನೆಯದಾಗಿ, ‘ನೀನು ಹೇಗೆ ಬದುಕಿದೆ?’ ಎಂದು ನಾವು ಕೇಳಬಾರದು. ವಿಚಾರಣೆ ಅಧಿಕಾರಿಗಳ ಕೆಲಸ. ಅವನು ತಾನಾಗಿ ಹೇಳಿದರೆ ಪೂರ್ತಿಯಾಗಿ ಆಲಿಸಬೇಕು, ಅದೇ ಮಾತನ್ನು ಹತ್ತನೆಯ ಸಲ ಹೇಳಿದರೂ.

ಎರಡನೆಯದಾಗಿ, ಪಾಪನಿವೇದನೆಯಲ್ಲಿ ಎಚ್ಚರ ಬೇಕು. ಬದುಕಿದ್ದನ್ನೇ ಪಾಪವೆಂದು ನಿವೇದಿಸುವವನಿಗೆ ಆತುರದಿಂದ ಪಾಪಕ್ಷಮೆ ನೀಡಿ ಕಳುಹಿಸಿದರೆ, ಅದು ಪಾಪವೇ ಆಗಿತ್ತೆಂದು ನಾವೇ ಮುದ್ರೆ ಒತ್ತಿದಂತಾಗುತ್ತದೆ. ‘ಅದೇನೂ ಇಲ್ಲ ಬಿಡು’ ಎಂದು ತಳ್ಳಿಹಾಕಿದರೆ, ಅವನ ಮನಸ್ಸಿನಲ್ಲಿ ನಿಜವಾದ ಕೃತ್ಯವೊಂದು, ಹಿಡಿದ ಕೈಯನ್ನು ಬಿಡಿಸಿಕೊಂಡ ಒಂದು ಕ್ಷಣ, ಉಳಿದಿದ್ದರೆ ಅದನ್ನು ಹೇಳುವ ದಾರಿಯನ್ನು ಮುಚ್ಚಿದಂತಾಗುತ್ತದೆ. ಆದ್ದರಿಂದ ತಾಳ್ಮೆಯಿಂದ ಎರಡನ್ನೂ ಬೇರ್ಪಡಿಸಬೇಕು. ಭಯದಲ್ಲಿ ನಡೆದ ಕೃತ್ಯಕ್ಕೆ ಪೂರ್ಣ ಸಮ್ಮತಿ ಇರಲಿಲ್ಲವೆಂಬುದನ್ನು ವಿವರಿಸಬೇಕು. ಪಾಪವಿದ್ದರೆ ಕ್ಷಮೆಯನ್ನು, ಇಲ್ಲದಿದ್ದರೆ ಆಶೀರ್ವಾದವನ್ನು ನೀಡಬೇಕು.

ಮೂರನೆಯದಾಗಿ, ಅಪರಾಧಭಾವ ಆತ್ಮಹತ್ಯೆಯವರೆಗೆ ಕೊಂಡೊಯ್ಯಬಲ್ಲುದೆಂಬುದನ್ನು ಸೆವೊಲ್ ದುರಂತ ಕಲಿಸುತ್ತದೆ. ನಿದ್ದೆ, ಊಟ, ಮಾತು ನಿಂತಿರುವುದನ್ನು ಕಂಡರೆ ವೈದ್ಯರ ಬಳಿಗೆ ನಾವೇ ಜೊತೆಯಲ್ಲಿ ಹೋಗಬೇಕು. ಹೆಚ್ಚು ಪ್ರಾರ್ಥಿಸು ಎಂಬ ಸಲಹೆ ಮಾತ್ರ ಸಾಲದು.

ನಾಲ್ಕನೆಯದಾಗಿ, ಸತ್ತವರ ಮನೆ ಮತ್ತು ಬದುಕಿದವನ ಮನೆಗಳ ನಡುವೆ ಓಡಾಡಬಲ್ಲವರು ಎಷ್ಟೋ ಸಲ ಗುರುಗಳೊಬ್ಬರೇ. ಕಾಲ ಬಂದಾಗ, ಇಬ್ಬರೂ ಬಯಸಿದಾಗ ಮಾತ್ರ, ಅವರನ್ನು ಒಂದುಗೂಡಿಸಬೇಕು. ಮಗನ ಕೊನೆಯ ಮಾತುಗಳನ್ನು ತಾಯಿಗೆ ಹೇಳಬಲ್ಲವನು ಅವನೊಬ್ಬನೇ ಆಗಿರಬಹುದು.

ಐದನೆಯದಾಗಿ, ನ್ಯಾಯದ ಕಾರ್ಯವನ್ನು ಮರೆಯಬಾರದು. 2014ರ ಆಗಸ್ಟಿನಲ್ಲಿ ಕೊರಿಯಕ್ಕೆ ಭೇಟಿ ನೀಡಿದ ಪೋಪ್ ಫ್ರಾನ್ಸಿಸರು ಸೆವೊಲ್ ಸಂತ್ರಸ್ತರ ಹಳದಿ ಪಟ್ಟಿಯನ್ನು ಧರಿಸಿದ್ದರು. ತಟಸ್ಥರಾಗಿ ಕಾಣಲು ಅದನ್ನು ತೆಗೆಯುವುದು ಒಳ್ಳೆಯದೆಂದು ಯಾರೋ ಸೂಚಿಸಿದಾಗ, ಮನುಷ್ಯರ ನೋವಿನ ಮುಂದೆ ತಟಸ್ಥರಾಗಿರಲಾಗದೆಂದು ಉತ್ತರಿಸಿದುದಾಗಿ ಅವರೇ ಮರುಪ್ರಯಾಣದ ವಿಮಾನದಲ್ಲಿ ತಿಳಿಸಿದರು. ಸುರಕ್ಷಾ ಸಾಧನಗಳಿಲ್ಲದೆ ದೋಣಿ ಹೊರಟದ್ದೇಕೆ, ಮುನ್ಸೂಚನೆ ತಲುಪಲಿಲ್ಲವೇಕೆ ಎಂಬ ಪ್ರಶ್ನೆಗಳನ್ನು ಧರ್ಮಕೇಂದ್ರ ಕೇಳಿದರೆ ಜನರ ಕೋಪಕ್ಕೆ ಸರಿಯಾದ ದಾರಿ ದೊರೆಯುತ್ತದೆ. ಬದುಕಿದವನ ಬೆನ್ನಿನ ಭಾರ ಇಳಿಯುತ್ತದೆ.

ಕೊನೆಯದಾಗಿ, ಅವನಿಗೆ ಕೆಲಸ ಕೊಡಿಸಬೇಕು. ಕಾಲ್ಗುಣದ ಮಾತನ್ನು ಪ್ರಬೋಧನೆಯಿಂದ ಖಂಡಿಸುವುದಕ್ಕಿಂತ, ದೋಣಿಯ ಒಡೆಯರೊಬ್ಬರನ್ನು ಒಪ್ಪಿಸಿ ಅವನನ್ನು ಮತ್ತೆ ದೋಣಿಗೆ ಹತ್ತಿಸುವುದು ಹೆಚ್ಚು ಫಲಕಾರಿ. ಕಡಲಿಗೆ ಮರಳಲು ಅವನಿಗೆ ಮನಸ್ಸಿಲ್ಲದಿದ್ದರೆ ದಡದಲ್ಲಿ ಗೌರವದ ಕೆಲಸವೊಂದನ್ನು ಹುಡುಕಿಕೊಡಬೇಕು.

ಉಪಸಂಹಾರ

ಮಾಲ್ಟಾದಲ್ಲಿ ಪೌಲನು ತನ್ನ ಮೇಲೆ ಬಂದ ಎರಡೂ ತೀರ್ಪುಗಳಿಗೆ ಉತ್ತರವನ್ನೇ ಕೊಡಲಿಲ್ಲವೆಂದು ಲೂಕನ ನಿರೂಪಣೆಯಿಂದ ತೋರುತ್ತದೆ. ಅವನು ಆ ದ್ವೀಪದ ಪ್ರಮುಖನ ತಂದೆಯ ಜ್ವರದ ಹಾಸಿಗೆಯ ಬಳಿಗೆ ಹೋಗಿ ಪ್ರಾರ್ಥಿಸಿದನು. ರೋಗಿಗಳ ಸೇವೆ ಮಾಡುತ್ತ ಮೂರು ತಿಂಗಳು ಆ ಜನರ ನಡುವೆ ಬಾಳಿದನು. ಮೂರು ಸಲ ಹಡಗೊಡೆತಕ್ಕೆ ಸಿಕ್ಕಿದ್ದೆನೆಂದು ಅದಕ್ಕೂ ಮುಂಚೆಯೇ ಕೊರಿಂಥದವರಿಗೆ ಬರೆದಿದ್ದ (2 ಕೊರಿಂಥ 11:25) ಆ ಮನುಷ್ಯನು ಗಲಾತ್ಯದವರಿಗೆ ಬರೆದ ಪತ್ರದ ಕೊನೆಯಲ್ಲಿ (6:17), ತನ್ನ ದೇಹದ ಮೇಲಿರುವ ಗುರುತುಗಳು ಯೇಸುವಿನವು ಎನ್ನುತ್ತಾನೆ. ಅಲ್ಲಿ ಅವನು ಬಳಸುವ ಪದ ‘ಸ್ಟಿಗ್ಮತ’. ಜನರು ಅವಮಾನದ ಗುರುತೆಂದು ಕಂಡದ್ದನ್ನು ಅವನು ತಾನು ಯಾರಿಗೆ ಸೇರಿದವನೆಂಬುದರ ಗುರುತಾಗಿ ಓದಿದನು.

ಬದುಕಿ ಬಂದವನು ತನ್ನ ಗುರುತನ್ನು ಹೀಗೆ ಓದಲು ಬಹಳ ಕಾಲ ಬೇಕು. ಅದನ್ನು ಅವನ ಪರವಾಗಿ ನಾವು ಓದಿ ಹೇಳಲಾಗದು. ಅಲ್ಲಿಯವರೆಗೆ ನಮ್ಮಿಂದ ಆಗುವುದು ಮಾಲ್ಟಾದ ಜನ ಮೊದಲು ಮಾಡಿದ ಕೆಲಸ. ಮಳೆಯಲ್ಲಿ ನೆನೆದು ಬಂದವರಿಗೆ, ಹೆಸರನ್ನಾಗಲಿ ಕಾರಣವನ್ನಾಗಲಿ ಕೇಳುವ ಮುನ್ನ, ಅವರು ಬೆಂಕಿ ಹೊತ್ತಿಸಿದರು. ಅಷ್ಟಕ್ಕೇ ನಿಂತಿದ್ದರೆ ಅವರು ಮಾಡಿದ್ದು ಸರಿಯಾಗಿಯೇ ಇತ್ತು.